ಮೇಲಿನ ನಂಬರ್

ಕಚೇರಿಯಲ್ಲಿ ನನ್ನನ್ನು ಟೇಪ್‌ರೆಕಾರ್ಡರ್ ಎಂದು ಕರೆಯುತ್ತಾರೆ. ಎದುರಿಗಲ್ಲ, ಬೆನ್ನ ಹಿಂದೆ. ಆದರೆ ನನ್ನ ಕೋಣೆಯ ಗೋಡೆ ಪ್ಲೈವುಡ್ಡಿನದು, ಬೆನ್ನ ಹಿಂದಿನದೆಲ್ಲ ನೇರವಾಗಿ ಕಿವಿಗೇ ಬೀಳುತ್ತದೆ. ಹೆಸರೇನೂ ಸುಳ್ಳಲ್ಲ. ಇಪ್ಪತ್ತಮೂರು ವರ್ಷಗಳಿಂದ ಈ ವಿಶ್ವವಿದ್ಯಾಲಯದ ಪ್ರವೇಶ ವಿಭಾಗದಲ್ಲಿ ಕೂತು ಅವೇ ಮಾತುಗಳನ್ನು ಹೇಳುತ್ತ ಬಂದಿದ್ದೇನೆ. ಬಾಗಿಲ ಮೇಲೆ ‘ಪ್ರವೇಶ ಸಲಹೆಗಾರರು’ ಎಂಬ ಬೋರ್ಡಿದೆ. ಸಲಹೆ ಕೇಳಲು ಬರುವವರು ಬೆರಳೆಣಿಕೆ. ಮಗ ಏನಾಗಬೇಕೆಂದು ಮನೆಯಲ್ಲೇ ತೀರ್ಮಾನಿಸಿ ಬಂದು, ನನ್ನ ಬಾಯಿಂದ ಹೂಂ ಅನ್ನಿಸಿಕೊಂಡು ಹೋಗುವವರೇ ಹೆಚ್ಚು.

ವರ್ಷಕ್ಕೆ ಎರಡು ತಿಂಗಳು ಈ ಜಾತ್ರೆ. ಮೊದಲ ವಾರ ಎಲ್ಲರಿಗೂ ನಗುತ್ತೇನೆ. ಎರಡನೇ ವಾರ ಹಲ್ಲಷ್ಟೇ ಕಾಣಿಸುತ್ತೇನೆ. ಆಮೇಲೆ ಅದೂ ಇಲ್ಲ. ಸಂಜೆ ಮನೆಗೆ ಹೋದರೆ ನಮ್ಮವರು ‘ಊಟಕ್ಕೆ ಏನು ಮಾಡೋಣ’ ಎಂದು ಕೇಳಿದರೂ ಇನ್ನೊಬ್ಬರು ಅರ್ಜಿ ಹಿಡಿದು ನಿಂತ ಹಾಗೆ ಅನ್ನಿಸಿ ಮೈ ಉರಿಯುತ್ತದೆ. ಪಾಪ, ಅವರು ಕೇಳುವುದನ್ನೇ ಬಿಟ್ಟಿದ್ದಾರೆ. ಮಾಡಿ ಬಡಿಸಿಬಿಡುತ್ತಾರೆ.

ನಮ್ಮ ಅರ್ಜಿಗೆ ಎರಡು ಪುಟ. ಮೊದಲನೆಯದರಲ್ಲಿ ಹೆಸರು, ವಿಳಾಸ, ಅಂಕ. ಎರಡನೆಯದರಲ್ಲಿ ಹದಿನಾಲ್ಕು ಕೋರ್ಸುಗಳ ಪಟ್ಟಿ, ಪ್ರತಿಯೊಂದರ ಮುಂದೆ ಒಂದು ಖಾಲಿ ಚೌಕ. ಆ ಚೌಕಗಳಲ್ಲಿ ‘ಆದ್ಯತಾ ಸಂಖ್ಯೆ’ ತುಂಬಬೇಕು. ಎಲ್ಲಕ್ಕಿಂತ ಬೇಕಾದ ಕೋರ್ಸಿಗೆ ಒಂದು, ಕೊನೆಯದಕ್ಕೆ ಹದಿನಾಲ್ಕು. ಹಾಗೆಂದು ಪುಟದ ಅಡಿಯಲ್ಲಿ ಇರುವೆ ಗಾತ್ರದ ಅಕ್ಷರಗಳಲ್ಲಿ ಅಚ್ಚಾಗಿದೆ. ಅದನ್ನು ಯಾರೂ ಓದುವುದಿಲ್ಲ. ಓದುವುದಾಗಿದ್ದರೆ ನನಗೆ ಕೆಲಸವೇ ಇರುತ್ತಿರಲಿಲ್ಲ. ಹೊಸದಾಗಿ ಸೇರಿದ್ದಾಗ ‘ಆದ್ಯತೆ ಅಂದ್ರೇನು ಮೇಡಂ’ ಎಂದು ದಿನಕ್ಕೆ ನಲವತ್ತು ಜನ ಕೇಳಿ ಕೇಳಿ ತಲೆ ಚಿಟ್ಟು ಹಿಡಿದು, ನಾನೇ ಒಂದು ಸುಲಭದ ಮಾತು ಕಟ್ಟಿಕೊಂಡೆ: “ಜಾಸ್ತಿ ಇಷ್ಟ ಇರೋದಕ್ಕೆ ಮೇಲಿನ ನಂಬರ್ ಕೊಡಿ.” ಎಲ್ಲರೂ ತಲೆಯಾಡಿಸಿದರು. ಆ ಮಾತು ನಾಲಿಗೆಯ ಮೇಲೆ ಕೂತೇ ಬಿಟ್ಟಿತು.

ಸೀಟಿನ ಪಟ್ಟಿ ಹಾಕಿದ ಮೇಲಿನ ವಾರ ಅಳುವವರ ಸರದಿ. “ನಾವು ಕೇಳಿದ್ದೇ ಬೇರೆ ಮೇಡಂ” ಎನ್ನುತ್ತಾರೆ. ನಾನು ಅವರ ಅರ್ಜಿ ತೆಗೆದು ಮುಂದಿಟ್ಟು “ಬರೆದದ್ದು ನೀವೇ ತಾನೇ?” ಎನ್ನುತ್ತೇನೆ. ಅಲ್ಲಿಗೆ ಮಾತು ಮುಗಿಯುತ್ತದೆ. ಒಂಬತ್ತು ವರ್ಷದ ಹಿಂದೆ ನನ್ನ ತಂಗಿಯ ಮಗಳಿಗೂ ಹೀಗೇ ಅಂದಿದ್ದೆ. ಗಿಡಮರದ ಹುಚ್ಚಿನ ಹುಡುಗಿ, ಸಸ್ಯವಿಜ್ಞಾನ ಎಂದು ಕುಣಿಯುತ್ತಿದ್ದವಳಿಗೆ ವಾಣಿಜ್ಯ ಸಿಕ್ಕಿತು. ಅರ್ಜಿ ತುಂಬುವುದು ಹೇಗೆಂದು ನಾನೇ ಫೋನಿನಲ್ಲಿ ಹೇಳಿಕೊಟ್ಟಿದ್ದೆ, ಆದರೂ ಹೀಗೆ ಮಾಡಿಕೊಂಡಳಲ್ಲ ಎಂದು ನನಗೆ ಸಿಟ್ಟು. ಅವಳು ಎದುರು ಮಾತಾಡಲಿಲ್ಲ. ಈಗ ಒಂದು ವಿಮಾ ಕಚೇರಿಯಲ್ಲಿದ್ದಾಳೆ, ಇದೇ ಊರಿನಲ್ಲಿ.

ಈ ವರ್ಷ ಅಳುವವರ ವಾರದ ಕೊನೆಯ ದಿನ, ಮಧ್ಯಾಹ್ನ ಎರಡೂವರೆಗೆ, ಒಬ್ಬ ಅಪ್ಪ ಮತ್ತು ಮಗಳು ಬಂದರು. ಅಪ್ಪ ದೊಡ್ಡಾಸ್ಪತ್ರೆಯಲ್ಲಿ ಲಿಫ್ಟ್ ನಡೆಸುವವರು. ಖಾಕಿ ಅಂಗಿಯಲ್ಲೇ ಬಂದಿದ್ದರು. ಮಗಳಿಗೆ ಹೋಟೆಲ್ ನಿರ್ವಹಣೆಯ ಸೀಟು ಬಂದಿತ್ತು. ಅವಳಿಗೆ ಬೇಕಾಗಿದ್ದದ್ದು ಫಿಸಿಯೋಥೆರಪಿ.

“ಇವಳು ಚಿಕ್ಕಂದಿನಿಂದ ನನಗೆ ಊಟದ ಡಬ್ಬಿ ತರ್ತಾಳೆ ಮೇಡಂ” ಎಂದರು ಲಿಫ್ಟಿನವರು. “ಗಾಲಿ ಕುರ್ಚಿಯಲ್ಲಿ ಮೇಲೆ ಹೋದವರು ತಿಂಗಳು ಬಿಟ್ಟು ನಡ್ಕೊಂಡು ಇಳಿಯೋದನ್ನ ನೋಡಿ ನೋಡಿ, ಆ ಕೆಲಸವೇ ಬೇಕು ಅಂತ ಹಟ. ಅಂಕ ಬೇರೆ ಬಂದಿದೆ. ಹೋಟ್ಲು ಯಾಕೆ ಬಂತು?”

ನಾನು ಅರ್ಜಿ ತೆಗೆದೆ. ಹೋಟೆಲ್ ನಿರ್ವಹಣೆಯ ಮುಂದೆ ಒಂದು. ಫಿಸಿಯೋಥೆರಪಿಯ ಮುಂದೆ ಹದಿನಾಲ್ಕು. ಅಕ್ಷರ ಗುಂಡಾಗಿತ್ತು, ಒಂದೂ ಚಿತ್ತಿಲ್ಲ.

“ಬರೆದದ್ದು ನೀವೇ ತಾನೇ?” ಎಂದೆ.

“ಹೌದು ಮೇಡಂ. ನೀವು ಮೇಲಿನ ನಂಬರ್ ಕೊಡಿ ಅಂದ್ರಿ. ಕೊಟ್ವಿ.”

“ಮೇಲಿನ ನಂಬರ್ ಅಂದ್ರೆ ಒಂದು ಅಲ್ವೇನ್ರೀ!”

ಅವರು ನನ್ನ ಮುಖ ನೋಡಿದರು. ಅವರ ನೋಟದಲ್ಲಿ ಸಿಟ್ಟಿರಲಿಲ್ಲ, ಬರೀ ಗೊಂದಲ. “ಹದಿನೆಂಟು ವರ್ಷದಿಂದ ಲಿಫ್ಟ್‌ನಲ್ಲಿದೀನಿ ಮೇಡಂ. ಒಂದು ಯಾವತ್ತೂ ಕೆಳಗೇ ಇರುತ್ತೆ. ಮೇಲೆ ಅಂದ್ರೆ ಹದಿನಾಲ್ಕು.”

ಹುಡುಗಿ ಬ್ಯಾಗಿನಿಂದ ಅರ್ಜಿಯ ಜೆರಾಕ್ಸ್ ತೆಗೆದು ನನ್ನ ಮುಂದಿಟ್ಟಳು. ಅಂಚಿನಲ್ಲಿ ಪೆನ್ಸಿಲ್ಲಿನಲ್ಲಿ ಬರೆದಿತ್ತು: ‘ಜಾಸ್ತಿ ಇಷ್ಟ = ಮೇಲಿನ ನಂಬರ್. ಮೇಡಂ ಹೇಳಿದ್ದು.’

“ಅಡಿಯಲ್ಲಿ ಅಚ್ಚಾಗಿದೆಯಲ್ಲ, ಓದಬಾರದಾ?” ಎಂದೆ. ದನಿ ಏರಿತ್ತು.

“ಓದಿದೆ ಮೇಡಂ. ಅದು ಬೇರೆ ಥರ ಇತ್ತು. ಅಪ್ಪ, ಅಚ್ಚಾಗಿರೋದು ಹಳೇದಿರುತ್ತೆ, ಮೇಡಂ ಹೇಳಿದ ಹಾಗೇ ಮಾಡು ಅಂದ್ರು.”

ಅಚ್ಚಾದ ಮಾತಿಗಿಂತ ನನ್ನ ಮಾತನ್ನು ನಂಬಿದ್ದೇ ಆ ಮನುಷ್ಯನ ತಪ್ಪು.

ನಮ್ಮಲ್ಲಿ ತಿದ್ದುಪಡಿಗೆ ಒಂದು ನಮೂನೆ ಇದೆ. ಅದರಲ್ಲಿ ‘ತಪ್ಪು ಯಾರದು’ ಎಂಬುದಕ್ಕೆ ಎರಡೇ ಚೌಕ: ಅಭ್ಯರ್ಥಿ, ಕಚೇರಿ. ಅಭ್ಯರ್ಥಿಯದು ಎಂದು ಗುರುತು ಹಾಕಿದರೆ ಅರ್ಜಿ ಸಾಲಿನ ಕೊನೆಗೆ ಹೋಗುತ್ತದೆ, ಅಲ್ಲಿ ಫಿಸಿಯೋಥೆರಪಿ ಸೀಟು ಇರುವುದಿಲ್ಲ. ಕಚೇರಿಯದು ಎಂದು ಹಾಕಿದರೆ ಎರಡನೇ ಪಟ್ಟಿಯಲ್ಲಿ ಅಂಕಕ್ಕೆ ತಕ್ಕ ಜಾಗ ಸಿಗುತ್ತದೆ. ಆದರೆ ಆಗ ಯಾರ ತಪ್ಪು, ಏನು ತಪ್ಪು ಎಂದು ಬರೆದು ಸಲಹೆಗಾರರು ಸಹಿ ಹಾಕಬೇಕು. ಅಂದೇ ಸಂಜೆ ನಾಲ್ಕಕ್ಕೆ ಗಡುವು. ಇಪ್ಪತ್ತಮೂರು ವರ್ಷದಲ್ಲಿ ಆ ಎರಡನೇ ಚೌಕಕ್ಕೆ ನಾನು ಒಮ್ಮೆಯೂ ಗುರುತು ಹಾಕಿರಲಿಲ್ಲ. ರಿಜಿಸ್ಟ್ರಾರರು ಸಭೆಗಳಲ್ಲಿ ಅದನ್ನೇ ಎತ್ತಿ ಹೊಗಳುತ್ತಿದ್ದರು. ನನಗೂ ಒಳಗೊಳಗೇ ಜಂಬವಿತ್ತು, ಸುಳ್ಳು ಯಾಕೆ ಹೇಳಲಿ.

“ಹೊರಗೆ ಬೆಂಚಿನ ಮೇಲೆ ಕೂತಿರಿ, ನೋಡ್ತೀನಿ” ಎಂದೆ. ‘ನೋಡ್ತೀನಿ’ ಎಂದರೆ ನಮ್ಮ ಕಚೇರಿಯ ಭಾಷೆಯಲ್ಲಿ ನೋಡುವುದಿಲ್ಲ ಎಂದರ್ಥ. ಸುಸ್ತಾಗಿತ್ತು. ಸೊಂಟ ಹಿಡಿದುಕೊಂಡಿತ್ತು. ಇವರೊಬ್ಬರಿಗೆ ಬಾಗಿಲು ತೆರೆದರೆ ಮುಂದಿನ ವರ್ಷ ನೂರು ಜನ ನುಗ್ಗುತ್ತಾರೆ ಎಂದು ನನಗೆ ನಾನೇ ಸಮಜಾಯಿಷಿ ಕೊಟ್ಟುಕೊಂಡೆ.

ಅಷ್ಟರಲ್ಲಿ, ಇನ್ನೂ ಪ್ರವೇಶ ಮುಗಿಯದ ನಮ್ಮ ಸಂಜೆ ಕಾಲೇಜಿನ ಅರ್ಜಿ ಹಿಡಿದು ಒಬ್ಬ ಹೆಂಗಸು ಬಂದರು. ಅದೂ ನಮ್ಮದೇ ಅರ್ಜಿ, ಅದೇ ಚೌಕಗಳು. “ಇಲ್ಲೇನು ಬರೀಬೇಕು?” ಎಂದರು. ನನ್ನ ಬಾಯಿ ತಾನಾಗಿಯೇ ತೆರೆದುಕೊಂಡಿತು. “ಜಾಸ್ತಿ ಇಷ್ಟ ಇರೋದಕ್ಕೆ ಮೇಲಿನ ನಂಬರ್ ಕೊಡಿ.” ಅವರು ತಲೆಯಾಡಿಸಿ, ಪೆನ್ನು ತೆಗೆದು, ಪಟ್ಟಿಯಲ್ಲಿ ಬೆರಳಾಡಿಸಿ, ಒಂದು ಕೋರ್ಸಿನ ಮುಂದೆ ನಿಧಾನವಾಗಿ ಹದಿನಾಲ್ಕು ಎಂದು ಬರೆದರು. ಇವರು ಲಿಫ್ಟಿನವರಲ್ಲ. ಬ್ಯಾಂಕಿನವರಂತೆ.

ಅವರ ಕೈಯಿಂದ ಪೆನ್ನು ಕಿತ್ತುಕೊಂಡಂತೆಯೇ ತೆಗೆದುಕೊಂಡೆ. “ಅಲ್ಲಮ್ಮ, ಅಲ್ಲಿ ಒಂದು ಬರೀರಿ. ಒಂದು. ಎಲ್ಲಕ್ಕಿಂತ ಬೇಕಾದ್ದಕ್ಕೆ ಒಂದು.” ಹೊಸ ಅರ್ಜಿ ಕೊಟ್ಟು, ಅವರು ಹದಿನಾಲ್ಕೂ ಚೌಕ ತುಂಬುವವರೆಗೆ ಎದುರಿಗೇ ಕೂರಿಸಿಕೊಂಡೆ.

ಅವರು ಹೋದಾಗ ಮೂರೂ ಇಪ್ಪತ್ತು. ನಮೂನೆ ತೆಗೆದು ಎರಡನೇ ಚೌಕಕ್ಕೆ ಗುರುತು ಹಾಕಿ, ಕೆಳಗೆ ಬರೆದೆ: ‘ಸಲಹೆಗಾರರಾದ ನಾನು ತಪ್ಪಾಗಿ ಅರ್ಥವಾಗುವಂತೆ ಹೇಳಿದ್ದರಿಂದ.’ ರಿಜಿಸ್ಟ್ರಾರರು ಕನ್ನಡಕ ಹಣೆಗೇರಿಸಿ ಓದಿದರು. “ಇದು ನಿಮ್ಮ ದಾಖಲೆಗೆ ಹೋಗುತ್ತೆ, ಗೊತ್ತಲ್ವಾ? ರಿಟೈರ್ ಆಗೋಕೆ ಎರಡು ವರ್ಷ ಇಟ್ಕೊಂಡು ಇದೆಲ್ಲ ಯಾಕ್ರೀ ನಿಮಗೆ? ಇನ್ನು ಎಲ್ಲರೂ ಇದನ್ನೇ ಹೇಳ್ಕೊಂಡು ಬರ್ತಾರೆ.”

“ಬರಲಿ ಸರ್” ಎಂದೆ. “ಬರಬೇಕಾದವರೇ.”

ಅವರು ಗೊಣಗುತ್ತಲೇ ಸಹಿ ಹಾಕಿದರು. ಬೆಂಚಿನ ಹತ್ತಿರ ಹೋಗಿ, ಎರಡನೇ ಪಟ್ಟಿಯಲ್ಲಿ ಫಿಸಿಯೋಥೆರಪಿ ಬರುತ್ತದೆ ಎಂದು ಹೇಳಿದೆ. ಹುಡುಗಿ ಅತ್ತಳು. ಲಿಫ್ಟಿನವರು ನನಗೆ ಕೈಮುಗಿದರು. ತಪ್ಪು ಮಾಡಿದವಳಿಗೆ ಕೈಮುಗಿಯುತ್ತಿದ್ದಾರಲ್ಲ ಎಂದು ನನಗೆ ನಾಚಿಕೆಯಾಯಿತು. ಸಂತೋಷವಾಗಬೇಕಿತ್ತು, ಆಗಲಿಲ್ಲ. ಬೇರೊಂದು ಲೆಕ್ಕ ತಲೆಯಲ್ಲಿ ಶುರುವಾಗಿತ್ತು. ಇಪ್ಪತ್ತಮೂರು ವರ್ಷ, ವರ್ಷವರ್ಷವೂ ‘ನಾವು ಕೇಳಿದ್ದೇ ಬೇರೆ’ ಎಂದು ಬಂದವರು, ಅವರ ಮುಂದೆ ನಾನಿಟ್ಟ ಅರ್ಜಿಗಳು. ಒಂದು ಮುಖವೂ ನೆನಪಿಗೆ ಬರಲಿಲ್ಲ. ಒಂದನ್ನು ಬಿಟ್ಟು.

ಬಸ್ ನಿಲ್ದಾಣದಲ್ಲಿ ನಿಂತು ತಂಗಿಯ ಮಗಳಿಗೆ ಫೋನ್ ಮಾಡಿದೆ.

“ಏನ್ ದೊಡ್ಡಮ್ಮ, ಈ ಹೊತ್ತಲ್ಲಿ?”

“ಒಂದು ಕೇಳ್ಬೇಕಿತ್ತು ಕಣೇ. ನಿನ್ನ ಕಾಲೇಜಿನ ಅರ್ಜಿ ನೆನಪಿದೆಯಾ? ಸಸ್ಯವಿಜ್ಞಾನಕ್ಕೆ ಎಷ್ಟು ಅಂತ ಬರೆದಿದ್ದೆ?”

ಆ ಕಡೆಯಿಂದ ಟೈಪ್ ಮಾಡುವ ಸದ್ದು ಕೇಳುತ್ತಿತ್ತು. ಅದು ನಿಂತಿತು.

“ಹದಿನಾಲ್ಕು.”

“ಅದು ಉಲ್ಟಾ ಅಂತ ನಿನಗೆ ಯಾವಾಗ ಗೊತ್ತಾಯ್ತು?”

“ಪಟ್ಟಿ ಹಾಕಿದ ದಿನವೇ ದೊಡ್ಡಮ್ಮ. ಹೇಳೋಕೆ ಅಂತಲೇ ಅಮ್ಮನ ಜೊತೆ ನಿಮ್ಮ ಆಫೀಸಿಗೆ ಬಂದಿದ್ದೆ.”

“ಮತ್ತೆ ಹೇಳಲಿಲ್ಲವಲ್ಲೇ!”

“ನಾನು ಬಾಯಿ ಬಿಡೋದಕ್ಕೆ ಮುಂಚೆ ನೀವು ಅರ್ಜಿ ತೆಗೆದು ಮುಂದೆ ಇಟ್ರಿ. ಬರೆದದ್ದು ನೀನೇ ತಾನೇ ಅಂದ್ರಿ.” ಅವಳ ದನಿಯಲ್ಲಿ ದೂರಿರಲಿಲ್ಲ. “ಬರೆದದ್ದು ನಾನೇ ಅಲ್ವಾ?”

ತಪ್ಪು ನನ್ನದು ಕಣೇ ಎಂದೆ. ಬಸ್ಸಿನ ಸದ್ದಿನಲ್ಲಿ ಕೇಳಿಸಲಿಲ್ಲವೇನೋ, “ಏನು ದೊಡ್ಡಮ್ಮ?” ಎಂದಳು. ಬಸ್ಸು ಹೋಗಲಿ ಎಂದು ಬಿಟ್ಟು, ಇನ್ನೊಮ್ಮೆ ಹೇಳಿದೆ.