ಗೋಡೆಯ ತುಂಬ ಉಳವಪ್ಪನ ಕೈ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದವರು ನಮ್ಮ ಅತೀಕನನ್ನು ಕಂಡಿರಲಿಲ್ಲ. ಮದುವೆಯ ಮಾತೆತ್ತಿದರೆ ಓಡುತ್ತಾನೆ, ಮನೆ ಮಾತ್ರ ದಿನಾ ಕಟ್ಟುತ್ತಾನೆ, ಕಂಪ್ಯೂಟರಿನಲ್ಲಿ. ಬೆಳಿಗ್ಗೆ ಸವಣೂರಿನ ಬಸ್ಸಿಳಿದು, ಶಿಗ್ಗಾಂವದ ನನ್ನ ಸಿಮೆಂಟಿನ ಅಂಗಡಿಯ ಮೇಲಿನ ಕೋಣೆಯಲ್ಲಿ ಕುಳಿತರೆ, ಸಂಜೆಯೊಳಗೆ ಯಾರದೋ ಮನೆ ಬಣ್ಣ ಹಚ್ಚಿಕೊಂಡು ಪರದೆಯ ಮೇಲೆ ನಿಂತಿರುತ್ತದೆ.

ನಕ್ಷೆ ತೆಗೆಯುವವರು ಊರಲ್ಲಿ ಬೇಕಾದಷ್ಟು ಜನ ಇದ್ದಾರೆ. ಇವನಿಗಿರುವುದು ಗೋಡೆಯ ಹುಚ್ಚು. ಸಾಫ್ಟ್‌ವೇರಿನೊಳಗೆ ಬರುವ ಇಟ್ಟಿಗೆ, ಕಲ್ಲು ಯಾವ ದೇಶದವೋ. "ನಮ್ಮ ಮಣ್ಣಿನ ಬಣ್ಣಾನ ಇಲ್ರಿ ಕಾಕಾ ಇದರಾಗ" ಎಂದು ಗೊಣಗುತ್ತ ಕಂಡ ಗೋಡೆಗೆಲ್ಲ ಮೊಬೈಲು ಹಿಡಿಯುತ್ತಾನೆ. ಆ ಫೋಟೋವನ್ನು ಪರದೆಯ ಮೇಲಿನ ಗೋಡೆಗೆ ಅಂಟಿಸಿದರೆ, ಒಂದೇ ಚಿತ್ರ ಸೀರೆಯ ಬುಟ್ಟಾದ ಹಾಗೆ ಮತ್ತೆ ಮತ್ತೆ ಮೂಡಿ ಇಡೀ ಗೋಡೆ ತುಂಬಿಕೊಳ್ಳುತ್ತದೆ. ಒಮ್ಮೆ ಯಾರದೋ ಬಚ್ಚಲಿನ ಗೋಡೆಗೆ ಮೊಬೈಲು ಹಿಡಿದು ಸಿಕ್ಕಿಬಿದ್ದಿದ್ದ. ಬಿಡಿಸಿಕೊಂಡು ಬಂದವನು ನಾನೇ.

ತಡಸದ ಅನ್ನವ್ವನ ಮನೆಯ ತಕರಾರು ಬೇರೆ. ಮಣ್ಣಿನ ಗೋಡೆ ಹೊಟ್ಟೆ ಬಿಟ್ಟಿತ್ತು. ಮಳೆಗಾಲಕ್ಕೆ ಮುಂಚೆ ಕೆಡವದಿದ್ದರೆ ಮಲಗಿದವರ ಮೇಲೇ ಬೀಳುವ ಹಾಗಿತ್ತು. ಮಗ ರುದ್ರೇಶ ಹೇಳಿ ಹೇಳಿ ಸೋತು, ಹೊಸ ಮನೆಯ ಚಿತ್ರ ತೋರಿಸಲೆಂದು ಅತೀಕನನ್ನು ಕರೆಸಿದ್ದ. ಅನ್ನವ್ವ ಜಪ್ಪಯ್ಯ ಎಂದರೂ ಒಪ್ಪಲಿಲ್ಲ. ಬಾಗಿಲ ಪಕ್ಕದಲ್ಲಿ, ತೀರಿಹೋದ ಗಂಡ ಉಳವಪ್ಪನ ಅಂಗೈ ಗುರುತು ಇತ್ತು. ಹಿಂದೊಮ್ಮೆ ಗೋಡೆ ಮೆತ್ತುವಾಗ ಅವನು ಹಸಿ ಮಣ್ಣಿಗೆ ಒತ್ತಿದ್ದು. ಗೋಡೆ ಹೋದರೆ ಆ ಕೈಯೂ ಹೋಗುತ್ತಿತ್ತು.

"ಹೊಸಾ ಮನಿ ಚಿತ್ರದಾಗ ಅವರ ಕೈ ತೋರಸ್ತೇನಿ ಯವ್ವಾ" ಎಂದ ಅತೀಕ. ಸಿಮೆಂಟಿನ ಲೆಕ್ಕಕ್ಕೆಂದು ನಾನೂ ಜೊತೆಗೆ ಹೋಗಿದ್ದೆ. ಅವಳ ಎದುರಿಗೇ ಗೋಡೆಯ ಫೋಟೋ ತೆಗೆದು, ಲ್ಯಾಪ್‌ಟಾಪಿಗೆ ಹಾಕಿ, ಅವಸರದಲ್ಲಿ ಅಂಟಿಸಿಯೇಬಿಟ್ಟ. ಪುಣ್ಯಾತ್ಮ ತನ್ನ ಕಸುಬಿನ ಮೊದಲ ಪಾಠವನ್ನೇ ಮರೆತಿದ್ದ. ಹೊಸ ಮನೆಯ ಗೋಡೆಯ ತುಂಬ, ಸೂರಿನಿಂದ ನೆಲದವರೆಗೆ, ಉಳವಪ್ಪನ ಕೈಗಳು!

"ಏನ್ರೀ ಇದು? ನಮ್ಮಪ್ಪ ಅಂದ್ರ ಚ್ಯಾಷ್ಟಿ ಏನು ನಿಮಗ?" ರುದ್ರೇಶ ರೇಗಿದ.

ಅನ್ನವ್ವ ಪರದೆಯ ಹತ್ತಿರ ಬಗ್ಗಿ ನೋಡಿದಳು. "ಎರಡ ಕೈ ಇದ್ದಾಗನ ಗ್ವಾಡಿ ಮೆತ್ತಾಕ ಬರ್ರಿ ಅಂದ್ರ ಹೊಲಕ್ಕ ಓಡ್ತಿದ್ರು. ಇಷ್ಟ ಕೈ ಇದ್ದಿದ್ರ ಊರ ಬಿಟ್ಟ ಓಡ್ತಿದ್ರು!" ಎಂದು ನಗತೊಡಗಿದಳು. ನಗುತ್ತ ನಗುತ್ತಲೇ ಕಣ್ಣೀರು ಬಂತು.

ಅತೀಕ ಎಲ್ಲ ಕೈಗಳನ್ನೂ ಅಳಿಸಿ, ಬಾಗಿಲ ಪಕ್ಕದಲ್ಲಿ ಒಂದನ್ನು ಮಾತ್ರ ಉಳಿಸಿದ. ಅವಳು ಅದನ್ನು ಬೆರಳಿನಿಂದ ಸವರಿದಳು. "ಇದು ಅಳಿಸಿ ಹೋಗಂಗಿಲ್ಲಲ್ಲಪಾ?"

"ಇಲ್ಲ ಯವ್ವಾ. ನಾ ಜ್ವಾಪಾನ ಇಟಗೊಂತೇನಿ."

"ಹಂಗಾರ ಕೆಡವ್ರಿ."

ಮಳೆಗೆ ಮುಂಚೆಯೇ ಹಳೆಯ ಗೋಡೆ ಇಳಿಯಿತು. ಹೊಸ ಗೋಡೆ ಎದ್ದು, ಸಿಮೆಂಟು ಮೆತ್ತಿ ಗಿಲಾವು ಮಾಡುವ ದಿನ ನಾವೂ ಹೋಗಿದ್ದೆವು. ಗೋಡೆ ಕಟ್ಟಿದ ಗೌಂಡಿ ಹುಲಗೇಶ ಚಿತ್ರದಲ್ಲಿ ಇದ್ದದ್ದನ್ನು ಬಿಡುವವನಲ್ಲ. ಅತೀಕ ಕೊಟ್ಟ ಚಿತ್ರವನ್ನು ಕೈಯಲ್ಲಿ ಹಿಡಿದು ಕೇಳಿದ: "ಬಾಗಲ ಬಾಜೂಕ ಒಂದು ಕೈ ಐತಲ್ರಿ ಇದರಾಗ, ಯಾರದು ಒತ್ತಬೇಕು? ಲಗೂನ ಹೇಳ್ರಿ, ಸಿಮೆಂಟ ಒಣಗಾಕತ್ತೈತಿ."

ಅನ್ನವ್ವ ಸೆರಗು ಸೊಂಟಕ್ಕೆ ಸಿಗಿಸಿಕೊಂಡು ಮುಂದೆ ಬಂದಳು. ತನ್ನ ಅಂಗೈಯನ್ನು ಹಸಿ ಗೋಡೆಗೆ ಒತ್ತಿ ಸ್ವಲ್ಪ ಹೊತ್ತು ಹಾಗೆಯೇ ನಿಂತಳು.

ಆಮೇಲೆ ಕೈ ತೊಳೆದುಕೊಳ್ಳುತ್ತ ಅತೀಕನಿಗೆ ಹೇಳಿದಳು: "ಈಗ ಇದರ ಫೋಟೋ ತಗಿಯೋ ತಮ್ಮಾ. ನಿನ್ನ ಚಿತ್ರದಾಗ ಅವರ ಕೈ ಒಂದ ಐತಿ, ಬಾಜೂಕ ನಂದೂ ಹಚ್ಚು. ಒಂದ ಸಲ ಹಚ್ಚು ಮತ್ತ!"

ಅವಸರದಲ್ಲಿ ಅತೀಕ ತೆಗೆದ ಮೊದಲ ಫೋಟೋ ಕೆಟ್ಟಿತು. ಎರಡನೆಯದು ಚೆನ್ನಾಗಿ ಬಂತು.