ತಣ್ಣೀರಲ್ಲಿ ಕಲಸಿದ ಹಿಟ್ಟು

ಅಮೆರಿಕದ ನಾರ್‌ಕ್ರಾಸ್‌ನ ಕನ್ನಡದ ಮನೆಗಳಲ್ಲಿ ಬಾಣಂತನವಿದ್ದರೆ ಮೊದಲ ಫೋನ್ ಹೋಗುತ್ತಿದ್ದುದು ಶಿವಬಸಮ್ಮನವರಿಗೆ. ಯಾವ ಕೂಸಿಗೆ ಯಾವ ಗಂಜಿ, ಅದು ಎಷ್ಟು ಕುದಿಯಬೇಕು ಎಂಬುದರಲ್ಲಿ ಅವರದೇ ಕೊನೆಯ ಮಾತು. ಹಾವೇರಿಯಿಂದ ಮಗಳು ಚೇತನಳ ಜೊತೆ ಇರಲು ಬಂದಾಗ ಅವರಿಗೆ ಅರವತ್ತು ದಾಟಿತ್ತು. ಈಗ ಯಾರಾದರೂ ಕೇಳಿದರೆ ತಮಗೇನೂ ಗೊತ್ತಿಲ್ಲ ಎನ್ನುತ್ತಾರೆ.

ಮೊಮ್ಮಗಳು ನಿಧಿಗೆ ಹುಟ್ಟಿನಿಂದಲೇ ಲಿವರ್‌ನ ಕಾಯಿಲೆ. ಊಟವಾದ ಮೇಲೆ ಲಿವರ್ ಒಂದಿಷ್ಟು ಸಕ್ಕರೆಯನ್ನು ಕೂಡಿಟ್ಟುಕೊಳ್ಳುತ್ತದೆ. ಅದನ್ನು ಮತ್ತೆ ರಕ್ತಕ್ಕೆ ಬಿಡಲು ಒಂದು ಕಿಣ್ವ ಬೇಕು. ಹೊಟ್ಟೆ ತುಂಬಿರುವಾಗ ಇನ್ಸುಲಿನ್ ಈ ಕಿಣ್ವವನ್ನು ತಗ್ಗಿಸಿಡುತ್ತದೆ. ಹೊಟ್ಟೆ ಖಾಲಿಯಾಗುತ್ತ ಬಂದಂತೆ ಇನ್ಸುಲಿನ್ ಇಳಿಯುತ್ತದೆ, ಲಿವರ್ ಕಿಣ್ವವನ್ನು ಹೆಚ್ಚಿಸುತ್ತದೆ. ಉಪವಾಸವಿದ್ದರೂ ಮಿದುಳಿಗೆ ಸಕ್ಕರೆ ತಪ್ಪದಿರುವುದು ಹೀಗೆ. ನಿಧಿಯ ಲಿವರ್‌ಗೂ ಈ ಸೂಚನೆಗಳೆಲ್ಲ ತಲುಪುತ್ತವೆ. ಆದರೆ ಅದು ತಯಾರಿಸುವ ಕಿಣ್ವ ಕೆಲಸ ಮಾಡುವುದಿಲ್ಲ. ಕೂಡಿಟ್ಟ ಸಕ್ಕರೆ ಹೊರಬರಲಾರದೆ ಲಿವರ್ ಊದಿಕೊಳ್ಳುತ್ತದೆ, ರಕ್ತದಲ್ಲಿ ಸಕ್ಕರೆ ಬರಿದಾಗುತ್ತದೆ.

ಡಾಕ್ಟರು ಹೇಳಿದ ಉಪಾಯ ಒಂದೇ. ಹಗಲೂ ರಾತ್ರಿ ನಾಲ್ಕು ಗಂಟೆಗೊಮ್ಮೆ ಕಾರ್ನ್‌ಸ್ಟಾರ್ಚ್ ಎಂಬ ಮೆಕ್ಕೆಜೋಳದ ಹಿಟ್ಟನ್ನು ತಣ್ಣೀರಲ್ಲಿ ಕಲಸಿ ಕುಡಿಸಬೇಕು. ಹಸಿ ಹಿಟ್ಟು ಕರುಳಿನಲ್ಲಿ ನಿಧಾನವಾಗಿ ಜೀರ್ಣವಾಗುತ್ತ ಸ್ವಲ್ಪ ಸ್ವಲ್ಪವೇ ಸಕ್ಕರೆ ಕೊಡುತ್ತದೆ. ಕುದಿಸಿದರೆ ಆ ಗುಣ ಹೋಗುತ್ತದೆ. ಸಕ್ಕರೆ ಒಮ್ಮೆಲೇ ಏರಿ ಬೇಗನೆ ಕುಸಿಯುತ್ತದೆ.

ಶಿವಬಸಮ್ಮನವರಿಗೆ ಇದು ಒಗ್ಗಲೇ ಇಲ್ಲ.

"ಹಸಿ ಹಿಟ್ಟು ಕೂಸಿಗೆ ಯಾರರ ಕುಡಸ್ತಾರೇನ? ಎಮ್ಮಿ ಕರಕ್ಕೂ ಕುಡಸಂಗಿಲ್ಲ."

"ಕುದಸಬ್ಯಾಡವ್ವಾ. ಡಾಕ್ಟರ್ ಹೇಳ್ಯಾರ."

"ನಿಮ್ಮ ಡಾಕ್ಟರಿಗೆ ಒಲಿ ಹಚ್ಚಾಕ ಬ್ಯಾಸರ ಇದ್ದೀತು."

ಪುರಸೊತ್ತಿಲ್ಲದವರು ಮಾಡಿಕೊಂಡ ಸುಲಭದ ದಾರಿ ಇದು ಎಂದೇ ಅವರು ತಿಳಿದಿದ್ದರು.

2022ರ ಜನವರಿಯಲ್ಲಿ ಕೋವಿಡ್ ಹೆಚ್ಚಾಗಿ ನಿಧಿಯ ಪ್ರೀಸ್ಕೂಲ್ ಮುಚ್ಚಿತು. ಅವಳಿಗೆ ಆಗ ನಾಲ್ಕು ವರ್ಷ. ಚೇತನ ಮಹಡಿಯ ಕೋಣೆಯಲ್ಲಿ ಆಫೀಸಿನ ಕೆಲಸ ಮಾಡುತ್ತಿದ್ದಳು, ಅಳಿಯ ಪವನ ಹೊರಗೆ ಹೋಗಿದ್ದ. ತೋಳಿಗೆ ಅಂಟಿಸುವ ಸೆನ್ಸರ್‌ಗೆ ವಿಮೆಯವರು ಇನ್ನೂ ಒಪ್ಪಿರಲಿಲ್ಲ. ಸಕ್ಕರೆ ಎಷ್ಟಿದೆಯೆಂದು ಬೆರಳು ಚುಚ್ಚಿಯೇ ನೋಡಬೇಕಿತ್ತು. ನಿಧಿಗೆ ನೆಗಡಿ, ಜ್ವರ. ಮಧ್ಯಾಹ್ನದ ಲೋಟವನ್ನು ಮುಟ್ಟಲೊಲ್ಲದೆ ಅಳುತ್ತಿದ್ದಳು.

ಶಿವಬಸಮ್ಮ ಒಲೆ ಹಚ್ಚಿದರು. ಅದೇ ಹಿಟ್ಟನ್ನು ಜೀರಿಗೆ, ಉಪ್ಪು ಹಾಕಿ ಗಂಜಿ ಕಾಸಿದರು. ನಿಧಿ ಬಟ್ಟಲಿನ ತಳ ಬೆರಳಿನಿಂದ ಸವರಿ ನೆಕ್ಕಿದಳು.

"ಆಯಿ, ದಿಸ್ ಇಸ್ ಗುಡ್! ಇನ್ನ ಬೇಕು."

"ನಾಳಿಗೆ ಮಾಡ್ತೀನಿ ನನ್ನವ್ವಾ, ಈಗ ಮಲಕೋ."

ಮೀಟಿಂಗಿನ ನಡುವೆ ಚೇತನ ಮೆಟ್ಟಿಲ ಮೇಲಿಂದಲೇ ಕೇಳಿದಳು. "ಹಿಟ್ಟು ಕುಡೀತೇನವ್ವಾ?"

"ಪೂರ್ತಿ ಕುಡೀತು. ನಿನ್ನ ಕೈಲೆ ಎಂದರ ಹಿಂಗ ಕುಡದೈತೇನು?"

ಚೇತನ ನಕ್ಕಳು. ಅಷ್ಟು ಕುಡಿದಿದ್ದರೆ ಮುಂದಿನ ಲೋಟದವರೆಗೆ ಭಯವಿಲ್ಲ. ಅವಳು ಬಾಗಿಲು ಹಾಕಿಕೊಂಡಳು.

ಸೋಫಾದ ಮೇಲೆ ನಿಧಿ ಬೆವರುತ್ತಿದ್ದಳು. ಜ್ವರ ಬಿಡುತ್ತಿದೆಯೆಂದು ಶಿವಬಸಮ್ಮ ಸೆರಗಿನಿಂದ ಅವಳ ಹಣೆ ಒರೆಸಿದರು. ಹೊಟ್ಟೆ ತುಂಬಿದ ಕೂಸನ್ನು ಎಬ್ಬಿಸಬಾರದೆಂದು ಟಿವಿಯ ದನಿ ತಗ್ಗಿಸಿದರು. ಮುಂದಿನ ಲೋಟದ ಹೊತ್ತಿಗೆ ಚೇತನ ಕೆಳಗಿಳಿದು ಬಂದಾಗ ಮಗುವಿನ ಕೈಕಾಲು ಸೆಟೆದು ಅದುರುತ್ತಿದ್ದವು. ಆಂಬುಲೆನ್ಸ್ ಬಂದಮೇಲೆ, ಮಗುವಿನ ಹೊಟ್ಟೆಗೆ ಹೋದದ್ದು ಏನೆಂದು ಶಿವಬಸಮ್ಮನವರೇ ಹೇಳಿದರು. ಗಂಜಿಯ ಪಾತ್ರೆಯನ್ನು ಎತ್ತಿ ತೋರಿಸಿದರು.

ನಿಧಿ ಬದುಕಿದಳು. ಆದರೆ ಸಕ್ಕರೆಯಿಲ್ಲದೆ ಕಳೆದ ಹೊತ್ತಿನಲ್ಲಿ ಮಿದುಳಿಗೆ ಆದ ಪೆಟ್ಟು ಮಾಯಲಿಲ್ಲ. ಅವಳೀಗ ನಡೆಯುವುದಿಲ್ಲ, ಮಾತಾಡುವುದಿಲ್ಲ, ನುಂಗುವುದೂ ಇಲ್ಲ. ಕಾರ್ನ್‌ಸ್ಟಾರ್ಚ್ ಹೊಟ್ಟೆಗೆ ಹಾಕಿದ ಕೊಳವೆಯ ಮೂಲಕ ಹೋಗುತ್ತದೆ. "ಇನ್ನ ಬೇಕು" ಎಂದದ್ದೇ ಅವಳ ಕೊನೆಯ ಮಾತು.

ಚೇತನ ತಾಯಿಗೆ ಒಂದು ಮಾತೂ ಅಂದಿಲ್ಲ. ಬೈದಿದ್ದರೆ ಉತ್ತರವನ್ನಾದರೂ ಕೊಡಬಹುದಿತ್ತು ಎನ್ನುತ್ತಾರೆ ಶಿವಬಸಮ್ಮ. ಈಗಲೂ ಮನೆಯ ಅಡುಗೆ ಅವರದೇ. ಚೇತನ ಹಿಟ್ಟಿನ ಡಬ್ಬಿ ತೆಗೆದಳೆಂದರೆ ಅವರು ಒಲೆ ಆರಿಸುತ್ತಾರೆ. ಸಾರು ಅರ್ಧ ಕುದಿದಿರಲಿ, ಅನ್ನ ಅರ್ಧ ಬೆಂದಿರಲಿ.

"ಅನ್ನ ಕೆಡತೈತಿ, ಹಚ್ಚವ್ವಾ," ಎನ್ನುತ್ತಾಳೆ ಚೇತನ, ತಿರುಗಿ ನೋಡದೆ.

"ಕೆಡ್ಲಿ."

ಹಿಟ್ಟು ತಣ್ಣೀರಲ್ಲಿ ಕಲೆತು, ಕೊಳವೆಯಲ್ಲಿ ಪೂರ್ತಿ ಇಳಿಯುವವರೆಗೆ ಅವರು ಒಲೆಗೆ ಬೆನ್ನು ಕೊಟ್ಟು ನಿಂತಿರುತ್ತಾರೆ.