ನೆತ್ತಿಯಿಂದ ಕೂದಲೆಳೆ ದೂರ

ನಮ್ಮ ವಿಶ್ವ ಕೂತಿರುವ ಶೂನ್ಯವೇ ಭದ್ರವಲ್ಲದಿರಬಹುದು. ಎಂದೋ ಒಮ್ಮೆ ಅದು ಈಗಿರುವ ತಗ್ಗಿನ ಗೋಡೆ ತೂರಿ ಇನ್ನೂ ಆಳದ ತಗ್ಗಿಗೆ ಇಳಿದುಬಿಡಬಹುದು. ಅದಕ್ಕೆಷ್ಟು ಕಾಲ ಹಿಡಿದೀತೆಂಬ ಲೆಕ್ಕವೇ ಧಾರವಾಡದಲ್ಲಿ ನನ್ನ ಪಿಎಚ್‌ಡಿ. ಊರಾದ ದಾಂಡೇಲಿಯ ಅಂಬೇವಾಡಿಯಲ್ಲಿ ಯಾರಾದರೂ ಕೇಳಿದರೆ "ಫಿಜಿಕ್ಸ್" ಎಂದಷ್ಟೇ ಹೇಳಿ ಪಾರಾಗುತ್ತಿದ್ದೆ.

ವಿಧಾನ ಕೇಳಲು ಸರಳ. ಶಕ್ತಿಯ ಏರಿಳಿತ ತೋರಿಸುವ ನಕ್ಷೆಯನ್ನು ಬೋರಲು ಹಾಕಿದರೆ ಎರಡು ತಗ್ಗುಗಳೂ ಗುಡ್ಡಗಳಾಗುತ್ತವೆ. ಎತ್ತರದ ಗುಡ್ಡದ ನೆತ್ತಿಯ ಹತ್ತಿರ ಬಿಟ್ಟ ಗುಂಡು ಉರುಳಿ, ಗಿಡ್ಡ ಗುಡ್ಡದ ನೆತ್ತಿಯ ಮೇಲೆ ಸರಿಯಾಗಿ ನಿಲ್ಲಬೇಕು. ನನ್ನ ಗುಂಡು ನಿಲ್ಲುತ್ತಿರಲಿಲ್ಲ. ಬಿಡುವ ಜಾಗ ನೆತ್ತಿಗೆ ಎಷ್ಟು ಹತ್ತಿರವೆಂದರೆ, ಅಂಕಿಗಳು ಸಾಲದೆ ಕಂಪ್ಯೂಟರು ಅದನ್ನು ನೆತ್ತಿಯೆಂದೇ ತಿಳಿಯುತ್ತಿತ್ತು. ಗುಂಡು ಅಲ್ಲಾಡುತ್ತಲೇ ಇರಲಿಲ್ಲ. ಕೊನೆಯ ಅಂಕಿ ಬದಲಿಸಿದರೆ ಅರ್ಧ ದಾರಿಯಲ್ಲೇ ಸುಸ್ತಾಗುತ್ತಿತ್ತು. "ಸೋಮವಾರದೊಳಗ ಆಗಲಿಲ್ಲಂದ್ರ ಆ ಅಧ್ಯಾಯ ಬಿಟ್ಟಬಿಡೂಣು," ಎಂದರು ಗೈಡ್. ಎರಡು ವರ್ಷದ ದುಡಿಮೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಗುವುದರಲ್ಲಿತ್ತು. ಸಿಟ್ಟಿನಲ್ಲಿ ಊರಿಗೆ ಬಂದೆ.

ಭಾನುವಾರ ಬೆಳಿಗ್ಗೆ ಪಕ್ಕದ ಗ್ಯಾರೇಜಿನ ಚಾಚಾ ಒಂದು ಜೀಪಿನ ಟ್ಯಾಪೆಟ್ ಹೊಂದಿಸುತ್ತಿದ್ದರು. ಎಂಜಿನ್ನಿನ ಒಂದು ರಾಡಿಗೂ ಅದನ್ನು ಒತ್ತುವ ತುಂಡಿಗೂ ನಡುವೆ ತೀರ ಸಣ್ಣ ಸಂದಿ ಬಿಡುವ ಕೆಲಸ ಅದು. ತೆಳ್ಳನೆಯ ಉಕ್ಕಿನ ಪಟ್ಟಿಯೊಂದನ್ನು ಸಂದಿಯಲ್ಲಿ ತೂರಿಸುವುದು, ಎಳೆದು ನೋಡುವುದು, ಸ್ಕ್ರೂ ತಿರುಗಿಸುವುದು. ನಾನು ಸುಮ್ಮನಿರಲಾರದೆ, "ಚಾಚಾ, ಒಟ್ಟು ಜಾಗದಾಗ ರಾಡಿನ ಉದ್ದ ಅಳದು ಕಳದ್ರ ಸಂದಿ ಎಷ್ಟಂತ ಸಿಗೂದಿಲ್ಲೇನ್ರಿ?" ಎಂದೆ.

ಅವರು ನಕ್ಕುಬಿಟ್ಟರು. "ಇಷ್ಟ ಓದಿ ಹಿಂಗ ಕೇಳ್ತೀಯಲ್ಲ ಬೇಟಿ! ಗೇಣುದ್ದದ ರಾಡ್ ಅಳೀಲಿಕ್ಕೆ ಹೋದ್ರ, ಕೂದಲೆಳಿಯಷ್ಟ ಸಂದಿ ಆ ಅಳತಿಯೊಳಗ ಮುಳಗಿ ಹೋಗತೈತಿ. ಸಂದಿ ಬೇಕಂದ್ರ ಸಂದೀನ ಅಳಿ."

ನಾನೂ ಅದೇ ತಪ್ಪು ಮಾಡುತ್ತಿದ್ದೆ. ಎರಡು ವರ್ಷ ನಾನು ಗುಂಡಿನ ಜಾಗವನ್ನು ದೂರದಲ್ಲಿರುವ ನಕ್ಷೆಯ ಸೊನ್ನೆಯಿಂದ ಅಳೆಯುತ್ತಿದ್ದೆ. ನೆತ್ತಿಯಿಂದ ಅದಕ್ಕಿರುವ ಅಂತರವನ್ನೇ ಬರೆದುಕೊಂಡರೆ? ಅಷ್ಟು ಹತ್ತಿರದಲ್ಲಿ ಸಮೀಕರಣ ಕೈಯಲ್ಲೇ ಬಿಡಿಸುವಷ್ಟು ಸುಲಭ. ಅಂತರ ಬೆಳೆದ ಮೇಲೆ ಕಂಪ್ಯೂಟರಿಗೆ ಒಪ್ಪಿಸಿದರಾಯಿತು. ಚಹಾ ಕೂಡ ಕುಡಿಯದೆ ಹಳಿಯಾಳದ ಮೇಲೆ ಹೋಗುವ ಧಾರವಾಡ ಬಸ್ಸು ಹತ್ತಿದೆ.

ಸೋಮವಾರ ಮಧ್ಯಾಹ್ನ ಗುಂಡು ಉರುಳಿತು, ಏರಿತು, ಗಿಡ್ಡ ಗುಡ್ಡದ ನೆತ್ತಿಯ ಮೇಲೆ ನಿಂತಿತು. ನಾನು ಅತ್ತೆ, ನಾಚಿಕೆಯಿಲ್ಲದೆ, ಎಲ್ಲರೆದುರು. ಎಷ್ಟೋ ತಿಂಗಳ ಮೇಲೆ ಅವತ್ತು ಹೊಟ್ಟೆ ತುಂಬ ಉಂಡೆ.

ಗೈಡ್ ಹಾಳೆಗಳನ್ನು ಎರಡು ಸಲ ತಿರುವಿದರು. "ಇರ್ಲಿ, ಅಧ್ಯಾಯ ಇರ್ಲಿ. ಈ ಉಪಾಯ ಯಾರು ಹೇಳಿಕೊಟ್ರು?"

"ನಮ್ಮ ಮನಿ ಬಾಜೂ ಗ್ಯಾರೇಜಿನ ಚಾಚಾ, ಸರ್."

"ಹಂಗಾರ ಕೃತಜ್ಞತಾ ಪುಟದಾಗ ಮೊದಲ ಅವರ ಹೆಸರ ಬರಿ, ಆಮ್ಯಾಲೆ ನಂದು."

ಖುಷಿಯಿಂದ ಪೆನ್ನು ತೆಗೆದೆ. ಹುಟ್ಟಿದಾಗಿನಿಂದ ನೋಡಿದ ಆ ಮನುಷ್ಯನ ಹೆಸರು ನನಗೆ ಗೊತ್ತಿರಲಿಲ್ಲ.